ಹಳೆಯ ಕ್ಯಾಮರಾದಲ್ಲಿ ಫ್ಲಾಷಿನ ಬಳಕೆ

ಮನೆಯ ಪೆಟ್ಟಿಗೆಯಲ್ಲಿ ಬಹುಕಾಲ ಮಲಗಿದ್ದ ಫಿಲಂ ಕ್ಯಾಮರಾಗಳನ್ನು ತೆಗೆದು ಬಳಸುವ ಹವ್ಯಾಸ ಈಚೆಗೆ ತರುಣರಲ್ಲಿ ಮತ್ತೆ ಚಿಗುರಿದೆ. ಹಗಲಿನ ಬೆಳಕಿನಲ್ಲಿ ಇವುಗಳಿಂದ ಒಳ್ಳೆಯ ಚಿತ್ರಗಳೇ ಬರುತ್ತವೆ. ಫ್ಲಾಷ್ ಬಳಸಿದಾಗ ಮಾತ್ರ ಅರ್ಧ ಚಿತ್ರ ಕಪ್ಪಾಗುವುದೂ, ಕೆಲವು ವೇಳೆ ಏನೂ ಮೂಡದೆ ಹೋಗುವುದೂ ಉಂಟು. ಫಿಲಂ ತೊಳೆದು ನೋಡುವವರೆಗೆ ಈ ತಪ್ಪು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಮದುವೆಯ ಚಪ್ಪರವನ್ನೇ ಬಿಚ್ಚಿರುತ್ತಾರೆ! ಆದುದರಿಂದ ಇದರ ತತ್ತ್ವವನ್ನು ಮೊದಲೇ ಅರಿತಿರುವುದು ಲೇಸು.

ತತ್ತ್ವವೇನೋ ಸರಳವಾದುದು. ಷಟರ್ ಪೂರ್ತಿ ತೆರೆದಿರುವ ಗಳಿಗೆಯಲ್ಲಿಯೇ ಬೆಳಕು ಹೊಳೆಯಬೇಕು. 1887ರಲ್ಲಿ ಜರ್ಮನಿಯ ಮೀತೆ ಮತ್ತು ಗೇಡಿಕೆ ಎಂಬುವರು ಮೆಗ್ನೀಸಿಯಂ ಬೆರೆತ ಫ್ಲಾಷ್ ಪುಡಿಯನ್ನು ಬಳಕೆಗೆ ತಂದರು. ಆಗ ಷಟರನ್ನು ತೆರೆದಿಟ್ಟು, ಪುಡಿಯನ್ನು ಉರಿಸಿ, ಮತ್ತೆ ಮುಚ್ಚಿದರೆ ಸಾಕಾಗಿತ್ತು. 1930ರ ಸುಮಾರಿಗೆ ಫ್ಲಾಷ್ ಬಲ್ಬು ಬಂದಿತು. ಅದೇ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ನರ ಪ್ರಯೋಗಗಳಿಂದ ಎಲೆಕ್ಟ್ರಾನಿಕ್ ಫ್ಲಾಷ್ ಬೆಳೆಯಿತು. ಸಾಮಾನ್ಯ ಬಲ್ಬು ಪೂರ್ಣ ಕಾಂತಿಗೇರಲು ಸುಮಾರು 20 ಮಿಲಿಸೆಕೆಂಡು ಬೇಕು. ಎಲೆಕ್ಟ್ರಾನಿಕ್ ಫ್ಲಾಷಾದರೋ ಒಡನೆಯೇ ಹೊಳೆದು, ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲಿನಲ್ಲಿ ಆರಿಹೋಗುತ್ತದೆ.

ಹಳೆಯ ಕ್ಯಾಮರಾಗಳ ಮೇಲೆ ಕಾಣುವ ‘ಎಂ’ ಮತ್ತು ‘ಎಕ್ಸ್’ ಗುರುತುಗಳು ಈ ವ್ಯತ್ಯಾಸಕ್ಕಾಗಿಯೇ ಇವೆ. ‘ಎಂ’ನಲ್ಲಿ ಬಲ್ಬು ಮೊದಲು ಹೊತ್ತಿಕೊಂಡು, ಷಟರ್ ತುಸು ತಡೆದು ತೆರೆಯುತ್ತದೆ. ‘ಎಕ್ಸ್’ನಲ್ಲಿ ಷಟರ್ ತೆರೆದೊಡನೆ ಫ್ಲಾಷ್ ಹೊಳೆಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಷನ್ನು ‘ಎಂ’ಗೆ ಜೋಡಿಸಿದರೆ, ಬಾಗಿಲು ತೆರೆಯುವ ಮೊದಲೇ ನೆಂಟರು ಬಂದು ಹೋದಂತಾಗುತ್ತದೆ.

ಷಟರುಗಳಲ್ಲಿಯೂ ಎರಡು ಬಗೆ. ಯಾಷಿಕಾ-ಮ್ಯಾಟ್‌ನಂಥವುಗಳಲ್ಲಿ ಲೆನ್ಸಿನೊಳಗೆ ಎಲೆಗಳಂಥ ತೆಳು ತಗಡುಗಳಿರುತ್ತವೆ. ಇವು ಎಲ್ಲ ವೇಗಗಳಲ್ಲಿಯೂ ಒಂದು ಗಳಿಗೆ ಪೂರ್ತಿ ತೆರೆಯುವುದರಿಂದ ಯಾವ ವೇಗದಲ್ಲಾದರೂ ಎಲೆಕ್ಟ್ರಾನಿಕ್ ಫ್ಲಾಷನ್ನು ಬಳಸಬಹುದು. ಫಿಲಂ ಮುಂದೆ ಎರಡು ಪರದೆಗಳು ಓಡುವ ಷಟರಿನಲ್ಲಿ ಹಾಗಲ್ಲ. ವೇಗ ಹೆಚ್ಚಿದಾಗ ಪರದೆಗಳ ನಡುವಣ ಸೀಳು ಮಾತ್ರ ಸಾಗುವುದರಿಂದ ಚಿತ್ರದ ಒಂದು ಭಾಗಕ್ಕಷ್ಟೇ ಬೆಳಕು ದೊರೆಯುತ್ತದೆ. 1954ರ ಲೈಕಾ ಎಂ3ರಲ್ಲಿ 1/50, 1959ರ ನಿಕಾನ್ ಎಫ್‌ನಲ್ಲಿ 1/60 ಸೆಕೆಂಡು ಇದರ ಮಿತಿ.

ಇನ್ನು ಬೆಳಕಿನ ಲೆಕ್ಕ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಫ್ಲಾಷಿನ ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಕ್ಕುತ್ತದೆ. ಮೀಟರಿನ ಲೆಕ್ಕದಲ್ಲಿ ನಂಬರ್ 24 ಎಂದಿಟ್ಟುಕೊಳ್ಳೋಣ: 3 ಮೀಟರಿಗೆ ಎಫ್ 8, 6 ಮೀಟರಿಗೆ ಎಫ್ 4. ಫಿಲಮ್ಮಿನ ಯಾವ ವೇಗಕ್ಕೆ ಆ ನಂಬರ್ ಹೇಳಿದೆಯೆಂಬುದನ್ನೂ ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ. ಕೆಲವು ಹಳೆಯ ಫ್ಲಾಷುಗಳ ಸಂಪರ್ಕದಲ್ಲಿ 200 ವೋಲ್ಟಿಗೂ ಹೆಚ್ಚು ವಿದ್ಯುತ್ ಒತ್ತಡವಿರುತ್ತದೆ. ಅವನ್ನು ಡಿಜಿಟಲ್ ಕ್ಯಾಮರಾಕ್ಕೆ ಜೋಡಿಸಿದರೆ ಕ್ಯಾಮರಾ ಕೆಡಬಹುದು.

ಕೊನೆಯದಾಗಿ, ಖರ್ಚಿಲ್ಲದ ಪರೀಕ್ಷೆಯೊಂದಿದೆ. ಫಿಲಂ ಹಾಕುವ ಮೊದಲು, ಕತ್ತಲಕೋಣೆಯಲ್ಲಿ ಕ್ಯಾಮರಾದ ಹಿಂಬದಿ ತೆರೆದು, ಫಿಲಂ ಕೂರುವ ಚೌಕಟ್ಟಿನ ಮೇಲೆ ತೆಳು ಬಿಳಿ ಕಾಗದವನ್ನು ಪರದೆಗೆ ತಾಗದಂತೆ ಹಿಡಿಯಿರಿ. ಫ್ಲಾಷನ್ನು ಲೆನ್ಸಿನ ಕಡೆಗೆ ತಿರುಗಿಸಿ ಷಟರ್ ಒತ್ತಿರಿ. ಕಾಗದವೆಲ್ಲ ಬೆಳಗಿದರೆ ಹೊಂದಿಕೆ ಸರಿಯಿದೆ. ಒಂದು ಪಕ್ಕ ಕತ್ತಲಾದರೆ ವೇಗವನ್ನು ತಗ್ಗಿಸಿ, ಏನೂ ಕಾಣದಿದ್ದರೆ ‘ಎಕ್ಸ್’ ಗುರುತನ್ನು ನೋಡಿ. ಐದು ನಿಮಿಷದ ಈ ಕೆಲಸ ಒಂದು ಸುರುಳಿ ಫಿಲಮ್ಮನ್ನೂ, ಮತ್ತೆ ಬಾರದ ಒಂದು ದಿನದ ನೆನಪನ್ನೂ ಉಳಿಸೀತು.