ಋತು ಕೆಟ್ಟರೆ ಆರೋಗ್ಯವೂ ಕೆಡುವುದು

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ‘ಜನಪದೋದ್ಧ್ವಂಸ’ವೆಂಬ ಅಧ್ಯಾಯವಿದೆ. ವಾಯು, ಜಲ, ದೇಶ, ಕಾಲ ಈ ನಾಲ್ಕೂ ಕೆಟ್ಟಾಗ, ಪ್ರಕೃತಿ ಬೇರೆ ಬೇರೆಯಾದ ಜನರೂ ಒಟ್ಟಿಗೇ ರೋಗಕ್ಕೆ ತುತ್ತಾಗುವರೆಂಬುದು ಅದರ ಸಾರ. ಇಂದಿನ ಹವಾಮಾನ ಬದಲಾವಣೆಯನ್ನು ನಾವು ಈ ಬೆಳಕಿನಲ್ಲಿ ನೋಡಬೇಕು.

ಹವಾಮಾನವು ನಿಸರ್ಗದಿಂದಲೂ ಬದಲಾಗುತ್ತದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿಯಿಂದ ಎದ್ದ ಗಂಧಕದ ಕಣಗಳು ಸೂರ್ಯಕಿರಣಗಳನ್ನು ತಡೆದವು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬಾರದಂತಾಯಿತು. ಆದರೆ ಅಂತಹ ಪರಿಣಾಮ ಕೆಲವೇ ವರ್ಷಗಳಲ್ಲಿ ತಗ್ಗುತ್ತದೆ.

ಮನುಷ್ಯಕೃತ ಕಾರಣ ಹಾಗಲ್ಲ. ಕಲ್ಲಿದ್ದಲು, ಪೆಟ್ರೋಲ್ ಉರಿಸಿ, ಕಾಡು ಕಡಿದು, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡನ್ನು ನಾವು 420ಕ್ಕೂ ಮೀರಿಸಿದ್ದೇವೆ. ಅದು ಶತಮಾನಗಳ ಕಾಲ ಉಳಿದು, ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಬುದ್ಧಿಯಿದ್ದೂ ಎಸಗುವ ಇಂತಹ ತಪ್ಪನ್ನೇ ಆಯುರ್ವೇದವು ‘ಪ್ರಜ್ಞಾಪರಾಧ’ ಎನ್ನುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟು ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಎಲ್ ನಿನೋ ಎಂಬ ನೈಸರ್ಗಿಕ ಕಾರಣವೂ ಅದರಲ್ಲಿತ್ತು. ಆದರೆ ಮೊದಲೇ ಕಾದ ನೆಲದಲ್ಲಿ ತೇವ ಬೇಗನೆ ಆರುತ್ತದೆ.

ಆದುದರಿಂದ ಋತುಚರ್ಯೆಯನ್ನು ಪಂಚಾಂಗ ನೋಡಿಯಷ್ಟೇ ಅಲ್ಲ, ಹೊರಗಿನ ಬಿಸಿಲು-ಗಾಳಿ ನೋಡಿಯೂ ಆಚರಿಸಬೇಕು. ಯಾವ ತಿಂಗಳಾದರೂ ಸೆಕೆ ಏರಿದಾಗ ನಡುಹಗಲಿನ ಹೊಲದ ಕೆಲಸ ಬಿಡಬೇಕು. ಬಾಯಾರುವ ಮುನ್ನವೇ ನೀರು, ನೀರುಮಜ್ಜಿಗೆ ಸೇವಿಸಬೇಕು. ವೃದ್ಧರನ್ನೂ ಮಕ್ಕಳನ್ನೂ ಆಗಾಗ ವಿಚಾರಿಸಬೇಕು. ಬಿಸಿಲಿಗೆ ಮೈ ಸುಡುತ್ತ ಮಾತು ತೊದಲಿದರೆ ಮನೆಮದ್ದಿಗೆ ಕಾಯಕೂಡದು. ಮೈಗೆ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಕೆಟ್ಟ ಕಾಲವನ್ನು ಯಾವ ಔಷಧವೂ ಸರಿಪಡಿಸದು. ಕಾರಣವನ್ನು ತ್ಯಜಿಸುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.