ಡಬ್ಬಿಗೊಂದು ಬಿಲ್, ತಿಂಗಳಿಗೊಂದು ಲೆಕ್ಕ

ಮುಂಗಾರು ಹದವಾಗಿ ಬಿದ್ದು ಮೆಕ್ಕೆಜೋಳ ಮೊಣಕಾಲೆತ್ತರ ಬಂತೆಂದರೆ ಜಗಳೂರಿನ ಔಷಧಿ ಅಂಗಡಿಗಳ ಮುಂದೆ ಬೆಳಗಿನಿಂದಲೇ ಬೈಕುಗಳು ಸಾಲುಗಟ್ಟುತ್ತವೆ. ಸುಳಿಯಲ್ಲಿ ಹುಳು ಕಂಡ ರೈತ ತೂತು ಬಿದ್ದ ಎಲೆಯೊಂದನ್ನು ಕಿತ್ತುಕೊಂಡೇ ಬಂದಿರುತ್ತಾನೆ. "ಇದಕ್ಕೇನಾದ್ರೂ ಕೊಡಣ್ಣಾ, ದುಡ್ಡು ಜೋಳ ಮಾರಿದ ಮೇಲೆ." ಅಂಗಡಿಯವರು ಡಬ್ಬಿ ಕೊಟ್ಟು, ಉದ್ರಿ ಪುಸ್ತಕದಲ್ಲಿ ಹೆಸರು ಮತ್ತು ಮೊತ್ತ ಗೀಚಿಕೊಂಡು ಮುಂದಿನವರತ್ತ ತಿರುಗುತ್ತಾರೆ. ಆ ಗಡಿಬಿಡಿಯಲ್ಲಿ ಬ್ಯಾಚ್ ಸಂಖ್ಯೆ ಬರೆಯುವುದು ಉಳಿಯುತ್ತದೆ, ಅವಧಿ ಮುಗಿಯುವ ದಿನ ಉಳಿಯುತ್ತದೆ, ರೈತನ ಸಹಿಯೂ ಉಳಿಯುತ್ತದೆ. ನಾಳೆ ಆ ಔಷಧಿ ಕೆಲಸ ಮಾಡಲಿಲ್ಲವೆಂದು ದೂರು ಬಂದರೆ ರೈತನ ಕೈಯಲ್ಲಿ ಪುರಾವೆ ಇರುವುದಿಲ್ಲ, ಅಂಗಡಿಯವರ ಕೈಯಲ್ಲೂ ಇರುವುದಿಲ್ಲ.

2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅಲ್ಲಿಂದೀಚೆಗೆ ಮಳೆಯಾಶ್ರಿತ ಜೋಳದ ಹೊಲಗಳಿಗೂ ಔಷಧಿ ಖಾಯಂ ಖರ್ಚಾಗಿದೆ. ಚನ್ನಗಿರಿಯ ಅಡಿಕೆಗೆ ಕೊಳೆರೋಗದ ಚಿಂತೆ, ಹೊನ್ನಾಳಿಯ ಭದ್ರಾ ನಾಲೆಯ ಗದ್ದೆಗಳಿಗೆ ಕಂದು ಜಿಗಿಹುಳುವಿನ ಚಿಂತೆ, ಜಗಳೂರಿನ ಈರುಳ್ಳಿಗೆ ಥ್ರಿಪ್ಸ್ ನುಸಿಯ ಚಿಂತೆ. ವ್ಯಾಪಾರ ಹೆಚ್ಚಿದಷ್ಟೂ ಲೆಕ್ಕದ ಜವಾಬ್ದಾರಿಯೂ ಹೆಚ್ಚುತ್ತದೆ. ಆ ಲೆಕ್ಕವನ್ನು ಇಲಾಖೆಯ ಕಾಟ ಎಂದುಕೊಂಡವರೇ ಹೆಚ್ಚು. ಕಾನೂನನ್ನು ಓದಿದರೆ ಅದು ಮಾರಾಟಗಾರರ ಬೆನ್ನಿಗೆ ನಿಲ್ಲುವ ಕಾಗದ ಎಂಬುದು ತಿಳಿಯುತ್ತದೆ.

ಮೊದಲು ಪರವಾನಗಿ, ಅದಕ್ಕೆ ತಕ್ಕ ಶುಲ್ಕ

ಈ ವ್ಯಾಪಾರಕ್ಕೆ ಆಧಾರ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳು. ಹುಳುವಿನ ಔಷಧಿ ಮಾತ್ರವಲ್ಲ, ಶಿಲೀಂಧ್ರನಾಶಕ, ಕಳೆನಾಶಕ ಕೂಡ ಇದೇ ಕಾಯ್ದೆಯಡಿ ಬರುತ್ತವೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಾರಲು, ದಾಸ್ತಾನಿಡಲು, ಮಾರಾಟಕ್ಕೆ ಪ್ರದರ್ಶಿಸಲು ಪರವಾನಗಿ ಬೇಕು. ಹಾಗಾಗಿ "ಮಾರುತ್ತಿಲ್ಲ, ಸುಮ್ಮನೆ ಇಟ್ಟಿದ್ದೇನೆ" ಎಂಬ ಮಾತು ನಡೆಯುವುದಿಲ್ಲ.

ಶುಲ್ಕದ ಲೆಕ್ಕ ಸರಳ. ಪಟ್ಟಣ ಪ್ರದೇಶದಲ್ಲಿ ಒಂದು ಕೀಟನಾಶಕಕ್ಕೆ 500 ರೂಪಾಯಿ, ಗರಿಷ್ಠ 7,500. ಗ್ರಾಮೀಣ ಪ್ರದೇಶದಲ್ಲಿ ಒಂದಕ್ಕೆ 100 ರೂಪಾಯಿ, ಗರಿಷ್ಠ 1,500. ಅಂದರೆ ಎರಡೂ ಕಡೆ 15 ಕೀಟನಾಶಕಕ್ಕೆ ಗರಿಷ್ಠ ಮಿತಿ ಮುಟ್ಟುತ್ತದೆ. ಬೆಳಗುತ್ತಿಯಲ್ಲಿ ಆರು ಕೀಟನಾಶಕಗಳಿಗೆ ಅರ್ಜಿ ಹಾಕುವವರಿಗೆ 600 ರೂಪಾಯಿ ಆಗುತ್ತದೆ. ನಿಮ್ಮ ಅಂಗಡಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಚಲನ್ ಮಾಡುವ ಮೊದಲೇ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಳ್ಳಿ. ಹಣವನ್ನು ಖಜಾನೆ-2ರ ಮೂಲಕ ಕಟ್ಟುವಾಗ ಲೆಕ್ಕ ಶೀರ್ಷಿಕೆಯನ್ನು ಎರಡು ಸಲ ನೋಡಿ. ತಪ್ಪು ಶೀರ್ಷಿಕೆಗೆ ಹೋದ ದುಡ್ಡನ್ನು ವಾಪಸ್ ಪಡೆಯಲು ಓಡಾಡುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ.

ಹೆಚ್ಚಿನವರು ಎಡವುವುದು ಗೋದಾಮಿನ ವಿಷಯದಲ್ಲಿ. ಅಂಗಡಿ ಸಂತೇಬೆನ್ನೂರಿನ ಬಸ್ ನಿಲ್ದಾಣದ ಎದುರು, ದಾಸ್ತಾನು ಇನ್ನೊಂದು ಬೀದಿಯ ಮನೆಯಲ್ಲಿ. ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಮಾರಿದರೂ ಇಟ್ಟರೂ ಪ್ರತಿ ಜಾಗಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ. ಆ ಗೋದಾಮಿನಲ್ಲಿ ಜನರ, ದನಕರುಗಳ ಆಹಾರ ಇರಕೂಡದು. ಹಿಂಡಿ ಬೂಸಾದ ಚೀಲದ ಪಕ್ಕದಲ್ಲಿ ಔಷಧಿಯ ಪೆಟ್ಟಿಗೆ ಜೋಡಿಸಿರುವುದು ನಮ್ಮ ಊರುಗಳಲ್ಲಿ ಅಪರೂಪದ ನೋಟವಲ್ಲ. ದಯವಿಟ್ಟು ಇಂದೇ ತೆಗೆಸಿ.

ಪರವಾನಗಿಯನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಅದರಲ್ಲಿ ನಮೂದಾದ ಕೀಟನಾಶಕ ಮಾತ್ರ ಕಪಾಟಿನಲ್ಲಿರಬೇಕು. ಹೊಸ ಔಷಧಿ ಮಾರಬೇಕಾದರೆ ಕಂಪನಿಯ ಪ್ರಿನ್ಸಿಪಲ್ ಸರ್ಟಿಫಿಕೇಟ್, ಅಂದರೆ ಅಂಗಡಿಯ ಮಾತಿನ ಪಿ.ಸಿ., ತಂದು ಪರವಾನಗಿಗೆ ಸೇರಿಸಿಕೊಂಡ ಮೇಲೆಯೇ ಮಾಲು ಇಳಿಸಿಕೊಳ್ಳಿ. "ಮಾಲು ಇಳಿಸ್ಕೊಳ್ಳಿ, ಪಿ.ಸಿ. ಮುಂದಿನ ವಾರ ಕಳಿಸ್ತೀವಿ" ಎನ್ನುವ ಪ್ರತಿನಿಧಿ ತಪಾಸಣೆಯ ದಿನ ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಮಾಲು ಬಂದ ದಿನದ ಕೆಲಸ

ಲಾರಿಯಿಂದ ಪೆಟ್ಟಿಗೆ ಇಳಿದಾಗ ಸರಬರಾಜುದಾರರ ಬಿಲ್ಲನ್ನು ಡಬ್ಬಿಯ ಜೊತೆ ತಾಳೆ ನೋಡಿ: ಹೆಸರು, ಶೇಕಡಾ ಪ್ರಮಾಣ, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನ, ನೋಂದಣಿ ಸಂಖ್ಯೆ. ಲೇಬಲ್ಲಿನ ವಿಷದ ಗುರುತನ್ನೂ ನೋಡಿ. ಕೆಂಪು ತ್ರಿಕೋನ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಲೇಬಲ್ ಕಿತ್ತುಹೋದ ಡಬ್ಬಿ ಬೇಡವೇ ಬೇಡ.

ಮಾರಬಾರದ ಔಷಧಿಗಳ ಪಟ್ಟಿ ಕಾಲಕಾಲಕ್ಕೆ ಬೆಳೆಯುತ್ತಿದೆ. ಅಡಿಕೆ, ಕಬ್ಬಿನ ಸೀಮೆಯವರಿಗೆ ಪರಿಚಿತವಾದ ಫೋರೇಟ್ ಹರಳಿಗೂ, ಡೈಕ್ಲೋರ್ವಾಸ್, ಟ್ರೈಅಜೋಫಾಸ್‌ಗೂ 2020ರ ಡಿಸೆಂಬರ್ 31ರಿಂದ ನಿಷೇಧವಿದೆ. ಡೈಕೋಫಾಲ್, ಮೆಥೋಮಿಲ್ 2023ರ ಆದೇಶದಲ್ಲಿ ಸೇರಿದವು. ಮೊನೊಕ್ರೋಟೊಫಾಸ್ ಶೇ. 36ರ ಹಳೆ ದಾಸ್ತಾನು ಖಾಲಿ ಮಾಡಲು ಆಗ ಕೊಟ್ಟ ಒಂದು ವರ್ಷದ ಗಡುವೂ ಕಳೆದಿದೆ. ಹಿರಿಯ ರೈತರು ಹಳೆ ಹೆಸರು ಹೇಳಿಯೇ ಕೇಳುತ್ತಾರೆ. ಇಲ್ಲ ಎನ್ನುವುದರ ಜೊತೆಗೆ ಬದಲಿ ಯಾವುದೆಂದು ಹೇಳಿಕೊಡುವುದು ಅಂಗಡಿಯವರ ಕೆಲಸ. ಇನ್ನು 'ಬಯೋ' ಎಂಬ ಹೆಸರಿನಲ್ಲಿ ಬರುವ ಬಾಟಲಿಗಳಿವೆ. ಬೆಳೆ ಪ್ರಚೋದಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದಡಿ ಬರುತ್ತವೆ. ಅದೇ ಬಾಟಲಿ ಹುಳು ಕೊಲ್ಲುತ್ತದೆ ಎಂದು ಹೇಳಿಕೊಂಡರೆ ಕೀಟನಾಶಕದ ನೋಂದಣಿ ತೋರಿಸಲೇಬೇಕು.

ಬಿಲ್ ಮತ್ತು ದಾಸ್ತಾನು ವಹಿ

ನಿಯಮ 15 ಹೇಳುವುದು ಇಷ್ಟು: ಕೀಟನಾಶಕದ ಪ್ರತಿಯೊಂದು ಮಾರಾಟವೂ ಬಿಲ್ ಮೂಲಕವೇ ಆಗಬೇಕು. ನಗದಾದರೂ ಸರಿ, ಉದ್ರಿಯಾದರೂ ಸರಿ. ಯೂರಿಯಾ ಚೀಲ ಪಿಒಎಸ್ ಯಂತ್ರದಲ್ಲಿ ದಾಖಲಾಗಿ ಹೋಗುತ್ತದೆ. ಔಷಧಿಯ ಡಬ್ಬಿ ಯಾರ ಹೊಲಕ್ಕೆ ಹೋಯಿತೆಂದು ಹೇಳುವುದು ನಿಮ್ಮ ಬಿಲ್ ಪುಸ್ತಕ. ರೈತನ ಹೆಸರು, ಊರು, ಔಷಧಿಯ ಹೆಸರು, ಕಂಪನಿ, ಬ್ಯಾಚ್, ಅವಧಿ ಮುಗಿಯುವ ದಿನ, ಪ್ರಮಾಣ, ದರ, ಇಬ್ಬರ ಸಹಿ ಅದರಲ್ಲಿರಲಿ. ಯಾವ ಬೆಳೆಗೆ ಎಂದೂ ಒಂದು ಪದ ಬರೆಯಿರಿ ಎಂಬುದು ನನ್ನ ಸಲಹೆ. ಈರುಳ್ಳಿಗೆಂದು ಒಯ್ದದ್ದನ್ನು ಶೇಂಗಾಕ್ಕೆ ಹೊಡೆದು ಬೆಳೆ ಸುಟ್ಟಾಗ ಆ ಒಂದು ಪದವೇ ಮಾತನಾಡುತ್ತದೆ.

ಉದ್ರಿ ಕೊಟ್ಟವರು ದುಡ್ಡು ಬಂದ ದಿನ ಬಿಲ್ ಮಾಡುವ ರೂಢಿಯಿದೆ. ಇದು ದೊಡ್ಡ ತಪ್ಪು. ಜುಲೈನಲ್ಲಿ ಕೊಟ್ಟ ಡಬ್ಬಿಗೆ ಡಿಸೆಂಬರಿನ ಬಿಲ್ ಇದ್ದರೆ ಐದು ತಿಂಗಳು ನಿಮ್ಮ ವಹಿಯಲ್ಲಿ ಇರುವ ಮಾಲು ಕಪಾಟಿನಲ್ಲಿ ಇರುವುದಿಲ್ಲ. ಪರಿವೀಕ್ಷಕರು ಎಣಿಸುವುದು ಕಪಾಟನ್ನು. ಡಬ್ಬಿ ಕೈ ಬದಲಾದ ದಿನವೇ ಬಿಲ್ ಆಗಲಿ, ಬಾಕಿ ಉದ್ರಿ ಪುಸ್ತಕದಲ್ಲಿರಲಿ. ಆ ತಿಂಗಳ ಜಿಎಸ್‌ಟಿಯನ್ನು ಕೈಯಿಂದ ಕಟ್ಟಬೇಕಾಗುತ್ತದೆ ಎಂಬುದು ಸಣ್ಣ ಅಂಗಡಿಗೆ ನಿಜವಾದ ಹೊರೆ, ಒಪ್ಪುತ್ತೇನೆ. ಆದ್ದರಿಂದಲೇ ಉದ್ರಿಗೆ ಒಂದು ಮಿತಿ ಹಾಕಿಕೊಳ್ಳಬೇಕು.

ದಾಸ್ತಾನು ವಹಿಯಲ್ಲಿ ಒಂದೊಂದು ಔಷಧಿಗೆ ಒಂದೊಂದು ಪುಟ, ಅದರಲ್ಲಿ ಬ್ಯಾಚ್‌ವಾರು ಸಾಲು. ಆರಂಭದಲ್ಲಿ 40 ಡಬ್ಬಿ, ಬಂದದ್ದು 60, ಮಾರಿದ್ದು 73 ಎಂದಾದರೆ ಉಳಿಕೆ 27. ತಿಂಗಳ ಕೊನೆಯ ಸಂಜೆ ಶಟರ್ ಅರ್ಧ ಇಳಿಸಿ ಎಣಿಸಿ. 26 ಸಿಕ್ಕರೆ ಆ ಒಂದು ಡಬ್ಬಿ ಒಡೆಯಿತೋ, ಬಿಲ್ ತಪ್ಪಿತೋ ಎಂದು ಅಂದೇ ಹುಡುಕಿ ಷರಾ ಬರೆಯಿರಿ. ಮೂರು ತಿಂಗಳು ಕಳೆದರೆ ಯಾರಿಗೂ ನೆನಪಿರುವುದಿಲ್ಲ.

ಅವಧಿ ಮುಗಿದದ್ದನ್ನು ಅಂದೇ ಬೇರ್ಪಡಿಸಿ 'ಮಾರಾಟಕ್ಕಿಲ್ಲ' ಎಂಬ ಮುದ್ರೆ ಒತ್ತಿ, ಬೇರೆ ಜಾಗದಲ್ಲಿ 'ಅವಧಿ ಮುಗಿದ ಕೀಟನಾಶಕ' ಎಂಬ ಫಲಕದ ಕೆಳಗೆ ಇಡಬೇಕು. ವಹಿಯಲ್ಲೂ ಅದಕ್ಕೆ ಬೇರೆ ಪುಟ. ಚರಂಡಿಗೋ ಕೆರೆಯಂಗಳಕ್ಕೋ ಸುರಿಯುವಂತಿಲ್ಲ. ಸೂಳೆಕೆರೆಯ ನೀರು ಕುಡಿಯುವವರು ನಾವೇ.

ತಿಂಗಳ ವರದಿ, ತೆರಿಗೆಯ ದಿನಗಳು

ಪರವಾನಗಿ ಹೊಂದಿದ ಇನ್ನೊಬ್ಬ ಮಾರಾಟಗಾರರಿಗೆ ಮಾರುವ ಸಗಟು ವ್ಯಾಪಾರಿಗಳು ಆ ಮಾರಾಟವನ್ನು ಕೀಟನಾಶಕವಾರು ಬರೆದು, ತಿಂಗಳು ಮುಗಿದ 15 ದಿನದೊಳಗೆ ಪರವಾನಗಿ ಅಧಿಕಾರಿಗೆ ವಿವರ ಸಲ್ಲಿಸಬೇಕು. ರೈತರಿಗಷ್ಟೇ ಮಾರುವವರಿಂದಲೂ ಸರ್ಕಾರ ನೋಟಿಸು ಕೊಟ್ಟು ವಿವರ ಕೇಳಬಹುದು. ಆದ್ದರಿಂದ ಎಲ್ಲರೂ ಪ್ರತಿ ತಿಂಗಳು 5ರೊಳಗೆ ಒಂದು ಹಾಳೆಯ ಲೆಕ್ಕ ತಯಾರಿಟ್ಟುಕೊಳ್ಳುವುದು ಒಳ್ಳೆಯದು. ವ್ಯಾಪಾರ ಶೂನ್ಯವಾದ ತಿಂಗಳೂ 'ಶೂನ್ಯ' ಎಂದು ಬರೆದೇ ಇಡಿ. ಸಲ್ಲಿಸಿದ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಜಿಎಸ್‌ಟಿಯಲ್ಲಿ ರಾಸಾಯನಿಕ ಕೀಟನಾಶಕಕ್ಕೆ ಶೇ. 18, ರಸಗೊಬ್ಬರಕ್ಕೆ ಶೇ. 5. ಒಂದೇ ಅಂಗಡಿಯಲ್ಲಿ ಎರಡನ್ನೂ ಮಾರುವವರು ಬಿಲ್ಲಿನಲ್ಲಿ ಬೇರೆ ಬೇರೆ ತೋರಿಸಬೇಕು. ಮಾಸಿಕ ಸಲ್ಲಿಕೆಯವರಿಗೆ ಮಾರಾಟದ ವಿವರ ಮುಂದಿನ ತಿಂಗಳ 11ಕ್ಕೆ, ತೆರಿಗೆ ಪಾವತಿಯ ರಿಟರ್ನ್ 20ಕ್ಕೆ. ಈ ಅಂಕಿಗಳು ಇಲಾಖೆಗೆ ಕೊಟ್ಟ ಅಂಕಿಗಳೊಂದಿಗೆ ಹೊಂದಿಕೆಯಾಗಬೇಕು. ಒಂದೇ ಬಿಲ್ ಪುಸ್ತಕದಿಂದ ಎರಡನ್ನೂ ತೆಗೆದರೆ ತಾನಾಗಿಯೇ ಹೊಂದುತ್ತದೆ.

ಪರಿವೀಕ್ಷಕರು ಬಂದಾಗ

ಕೀಟನಾಶಕ ಪರಿವೀಕ್ಷಕರು ಮಾದರಿ ತೆಗೆದರೆ ಅದನ್ನು ಮೂರು ಪಾಲು ಮಾಡಿ ಮೊಹರು ಹಾಕಬೇಕು, ಒಂದು ಪಾಲು ನಿಮ್ಮದು. ಅದನ್ನು ಭದ್ರವಾಗಿ ಇಡಿ. ಮಾದರಿ ಕಳಪೆ ಎಂದು ಬಂದರೂ 30ನೇ ಸೆಕ್ಷನ್ ಮಾರಾಟಗಾರರಿಗೆ ಒಂದು ದಾರಿ ಇಟ್ಟಿದೆ. ಪರವಾನಗಿ ಇದ್ದವರಿಂದಲೇ ಕೊಂಡೆ, ದೋಷ ನನಗೆ ಗೊತ್ತಿರಲಿಲ್ಲ, ಸಾಕಷ್ಟು ಎಚ್ಚರ ವಹಿಸಿದರೂ ಗೊತ್ತಾಗುವಂತಿರಲಿಲ್ಲ, ಬಂದ ಸ್ಥಿತಿಯಲ್ಲೇ ಸರಿಯಾಗಿ ಇಟ್ಟಿದ್ದೆ ಎಂದು ಸಾಬೀತು ಮಾಡಬೇಕು. ಖರೀದಿ ಬಿಲ್, ಪಿ.ಸಿ., ಬ್ಯಾಚ್‌ವಾರು ವಹಿ ಇಲ್ಲದೆ ಇದನ್ನು ಸಾಬೀತು ಮಾಡಲು ಯಾರಿಂದಲೂ ಆಗದು.

ವಿಶ್ಲೇಷಣಾ ವರದಿಯ ಪ್ರತಿ ಕೈಸೇರಿದ 28 ದಿನದೊಳಗೆ, ಅದನ್ನು ಪ್ರಶ್ನಿಸುತ್ತೇನೆಂದು ಲಿಖಿತವಾಗಿ ತಿಳಿಸಬೇಕು. ಟಪಾಲು ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದು, ಲಕೋಟೆಯನ್ನೂ ವರದಿಯ ಜೊತೆಗೇ ಕಡತಕ್ಕೆ ಸೇರಿಸಿ.