ದತ್ತಸಂಚಯದ ರಕ್ಷಾಪ್ರತಿ ಮತ್ತು ಕೀಲಿಕೈಯ ಹೊಣೆ

ಶಾಲೆಯ ಆಸ್ತಿಯೆಂದರೆ ಕಟ್ಟಡ, ಆಟದ ಬಯಲು, ಪೀಠೋಪಕರಣಗಳೆಂದು ಭಾವಿಸುವುದು ವಾಡಿಕೆ. ಆದರೆ ಮೂವತ್ತು ವರ್ಷಗಳ ಹಿಂದೆ ಓದಿ ಹೋದವರೊಬ್ಬರು ಜನ್ಮದಿನಾಂಕದ ಪ್ರಮಾಣಕ್ಕಾಗಿ ಕಛೇರಿಗೆ ಬಂದಾಗ ಅವರಿಗೆ ಆಧಾರವಾಗುವುದು ದಾಖಲಾತಿ ಪುಸ್ತಕದ ಒಂದೇ ಒಂದು ಸಾಲು. ಆ ಸಾಲುಗಳೂ ಅಂಕಗಳ ವಿವರವೂ ದಾನಿಗಳಿತ್ತ ನಿಧಿಯ ಲೆಕ್ಕವೂ ಇಂದು ಗಣಕಯಂತ್ರದ ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು, ಸೇರುತ್ತಿವೆ. ಗೊತ್ತಾದ ವೇಳೆಗೆ ತಾನಾಗಿಯೇ ಅದರ ರಕ್ಷಾಪ್ರತಿ, ಅರ್ಥಾತ್ ಬ್ಯಾಕಪ್, ತೆಗೆಯುವ ಏರ್ಪಾಡು ಅನೇಕ ಕಡೆ ಇದೆ. ಆ ಕಾರ್ಯ ಯಾರ ಹೆಸರಿನಲ್ಲಿ, ಎಷ್ಟು ಅಧಿಕಾರದೊಡನೆ ನಡೆಯಬೇಕೆಂಬುದನ್ನು ವಿವೇಚಿಸುವುದೇ ಈ ಕಿರುಲೇಖನದ ಉದ್ದೇಶ.

ನಮ್ಮ ನಾಡಿನ ನಿದರ್ಶನ

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕುಗಳಲ್ಲಿ ಜಾರಿಗೆ ಬಂದಿತು. ಅದರಲ್ಲಿ ದಾಖಲೆಯನ್ನು ತಿದ್ದುವ ನೌಕರರು ತಮ್ಮ ಬೆರಳಚ್ಚನ್ನಿತ್ತೇ ಒಳಪ್ರವೇಶಿಸಬೇಕಿತ್ತು. ಯಾರು ಏನನ್ನು ಬದಲಿಸಿದರೆಂಬುದು ಅವರವರ ಹೆಸರಿನಲ್ಲೇ ಉಳಿಯಬೇಕೆಂಬುದು ಅದರ ತತ್ತ್ವ. ಆದರೆ ನಡುರಾತ್ರಿ ರಕ್ಷಾಪ್ರತಿ ತೆಗೆಯುವ ಯಂತ್ರಕ್ಕೆ ಬೆರಳಿಲ್ಲ. ಆದುದರಿಂದ ಅದಕ್ಕೂ ಒಂದು ಹೆಸರು, ಒಂದು ಗುಪ್ತಪದ, ಒಂದು ಮಿತಿ ಬೇಕಾಗುತ್ತದೆ.

ಪ್ರತ್ಯೇಕ ಖಾತೆ

ಸಾಮಾನ್ಯವಾಗಿ ಈ ಏರ್ಪಾಡನ್ನು ಗಣಕಯಂತ್ರ ಬಲ್ಲ ಉಪಾಧ್ಯಾಯರೊಬ್ಬರು ತಮ್ಮದೇ ಖಾತೆಯ ಮೂಲಕ ಮಾಡಿಕೊಡುತ್ತಾರೆ. ಅವರು ವರ್ಗವಾಗಿ ಹೋದೊಡನೆ ಖಾತೆಯನ್ನು ಮುಚ್ಚಲಾಗುತ್ತದೆ, ಇಲ್ಲವೇ ಅವರೇ ಒಂದು ದಿನ ತಮ್ಮ ಗುಪ್ತಪದವನ್ನು ಬದಲಿಸುತ್ತಾರೆ. ಎರಡೂ ನ್ಯಾಯವಾದ ಕೆಲಸಗಳೇ. ಆದರೆ ಆ ರಾತ್ರಿಯಿಂದಲೇ ರಕ್ಷಾಪ್ರತಿ ನಿಂತುಹೋಗುತ್ತದೆ. ಹಗಲಿನ ಕೆಲಸಗಳು ಎಂದಿನಂತೆ ಸಾಗುವುದರಿಂದ ಯಾರ ಗಮನಕ್ಕೂ ಅದು ಬರುವುದಿಲ್ಲ. ಆದಕಾರಣ ಈ ಕಾರ್ಯಕ್ಕೆಂದೇ ಪ್ರತ್ಯೇಕ ಖಾತೆಯಿರಬೇಕು. ಅದು ವ್ಯಕ್ತಿಯದಲ್ಲ, ಹುದ್ದೆಯದು.

ಮಿತವಾದ ಅಧಿಕಾರ

ಅಡಿಕೆಯ ಉಗ್ರಾಣದಲ್ಲಿ ಮೂಟೆಗಳನ್ನು ಎಣಿಸಿ ಲೆಕ್ಕ ಬರೆಯುವವನಿಗೆ ಒಳಹೊಕ್ಕು ನೋಡುವ ಅನುಮತಿ ಸಾಕು. ಮಾರುವ ಅಧಿಕಾರ ಬೇಡ. ಅಂತೆಯೇ ರಕ್ಷಾಪ್ರತಿಯ ಖಾತೆಗೆ ಓದುವ ಅಧಿಕಾರವಿದ್ದರೆ ಸಾಕು. ತಿದ್ದುವ, ಅಳಿಸುವ ಅಧಿಕಾರ ಇರಕೂಡದು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ವ್ಯವಸ್ಥೆಯಲ್ಲಿ, 2021ರಲ್ಲಿ ಬಂದ 14ನೆಯ ಆವೃತ್ತಿಯಿಂದೀಚೆಗೆ, ಸಕಲವನ್ನೂ ಕೇವಲ ಓದಬಲ್ಲ ಸಿದ್ಧಪಾತ್ರವೊಂದನ್ನು ಒದಗಿಸಲಾಗಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್, ಶೋ ವ್ಯೂ, ಟ್ರಿಗರ್, ಲಾಕ್ ಟೇಬಲ್ಸ್ ಮುಂತಾದ ಕೆಲವೇ ಅನುಮತಿಗಳಿಂದ ಕಾರ್ಯ ನೆರವೇರುತ್ತದೆ. ‘ಹೇಗೂ ಕೆಲಸ ನಡೆಯಲಿ’ ಎಂದು ಸರ್ವಾಧಿಕಾರವನ್ನೇ ಕೊಟ್ಟುಬಿಟ್ಟರೆ, ಆ ಗುಪ್ತಪದ ಪರರ ಕೈಸೇರಿದ ದಿನ ಬೇಲಿಯೇ ಎದ್ದು ಹೊಲ ಮೇದಂತಾಗುತ್ತದೆ.

ಗುಪ್ತಪದದ ನೆಲೆ

ಯಂತ್ರ ತಾನಾಗಿ ಕೆಲಸ ಮಾಡಬೇಕಾದರೆ ಗುಪ್ತಪದ ಎಲ್ಲಿಯಾದರೂ ಬರೆದಿರಲೇಬೇಕು. ಅದನ್ನು ಆಜ್ಞೆಗಳ ಸಾಲಿನಲ್ಲಿಯೇ ಬರೆದಿಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅಲ್ಲಿಯೇ ತೂಗುಹಾಕಿದಂತೆ. ಸಂಬಂಧಪಟ್ಟ ಖಾತೆಯೊಂದೇ ಓದಬಲ್ಲ ಪ್ರತ್ಯೇಕ ಕಡತದಲ್ಲಿ ಅದನ್ನು ಇಡಬೇಕು. ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ, ಇಂತಹ ಕಡತ ಇತರರೂ ಓದುವಂತೆ ತೆರೆದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಬಳಸಲು ನಿರಾಕರಿಸುತ್ತದೆ. ಗುಪ್ತಪದವನ್ನು ಬದಲಿಸಿದ ದಿನವೇ ಕಡತದಲ್ಲಿಯೂ ಬದಲಿಸಿ, ಒಮ್ಮೆ ರಕ್ಷಾಪ್ರತಿ ತೆಗೆದು ನೋಡತಕ್ಕದ್ದು.

ಪ್ರತಿಯ ನೆಲೆ

ಪಯಸ್ವಿನಿಯ ದಡದ ಕಲ್ಲುಗುಂಡಿಯಂತಹ ಊರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿಯ ಹೆದ್ದಾರಿ ಮುಚ್ಚಿಹೋದುದನ್ನು ಇಲ್ಲಿಯವರು ಮರೆತಿಲ್ಲ. ಮೂಲವೂ ಪ್ರತಿಯೂ ಒಂದೇ ಕೊಠಡಿಯಲ್ಲಿದ್ದರೆ ಒಂದೇ ನೀರು ಎರಡನ್ನೂ ಒಯ್ಯುತ್ತದೆ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಅಲ್ಲಿಗೆ ಪ್ರತಿ ಕಳುಹಿಸುವ ಖಾತೆಗೆ ಹೊಸದನ್ನು ಸೇರಿಸುವ ಅನುಮತಿ ಮಾತ್ರವಿದ್ದು, ಹಳೆಯದನ್ನು ಅಳಿಸುವ ಅನುಮತಿ ಇಲ್ಲದಿರಲಿ. ಪ್ರತಿಯಲ್ಲಿಯೂ ಮಕ್ಕಳ, ದಾನಿಗಳ ವಿವರಗಳಿರುವುದರಿಂದ ಅದನ್ನು ಗೂಢಲಿಪಿಗೆ ಪರಿವರ್ತಿಸಿಯೇ ಕಳುಹಿಸಬೇಕು. ಆ ಲಿಪಿಯನ್ನು ಬಿಡಿಸುವ ಕೀಲಿ ಮಾತ್ರ ಮೂಲದ ಯಂತ್ರದೊಡನೆಯೇ ನಾಶವಾಗದಂತೆ ಬೇರೆಡೆ ಇರಬೇಕು.

ಪರೀಕ್ಷೆಯ ಅಗತ್ಯ

ಇಷ್ಟಾದರೂ ನಿಶ್ಚಿಂತರಾಗುವಂತಿಲ್ಲ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ದತ್ತಸಂಚಯವೊಂದು ಕೈತಪ್ಪಿ ಅಳಿಸಿಹೋಯಿತು. ನಿತ್ಯದ ರಕ್ಷಾಪ್ರತಿಯನ್ನು ಹುಡುಕಿದರೆ ಅದು ಇರಲೇ ಇಲ್ಲ. ಪ್ರತಿ ತೆಗೆಯುವ ಸಾಧನದ ಆವೃತ್ತಿ ಹೊಂದಾಣಿಕೆಯಾಗದೆ ಕಾರ್ಯ ವಿಫಲವಾಗುತ್ತಿತ್ತು. ಆ ಬಗ್ಗೆ ಎಚ್ಚರಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕಾರಣಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ನಿಪುಣರೇ ತುಂಬಿದ ಸಂಸ್ಥೆಯ ಗತಿಯೇ ಇದಾದರೆ, ನಮ್ಮಂತಹವರು ಇನ್ನೆಷ್ಟು ಎಚ್ಚರದಿಂದಿರಬೇಕು! ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಳೆಯ ವಿದ್ಯಾರ್ಥಿಯೊಬ್ಬರ ದಾಖಲೆ ಸರಿಯಾಗಿ ದೊರೆಯುವುದೇ ಎಂದು ನೋಡಬೇಕು.

ಉಪಸಂಹಾರ

ಒಟ್ಟಿನಲ್ಲಿ ರಕ್ಷಾಪ್ರತಿಯ ಖಾತೆಯನ್ನು ಶಾಲೆಯ ಒಬ್ಬ ನೌಕರನಂತೆಯೇ ಎಣಿಸತಕ್ಕದ್ದು. ಅವನಿಗೆ ಸ್ವಂತ ಹೆಸರಿರಲಿ, ಗೊತ್ತಾದ ಕೆಲಸವಿರಲಿ, ಅದಕ್ಕೆ ಮೀರಿದ ಅಧಿಕಾರ ಬೇಡ, ಮೇಲ್ವಿಚಾರಣೆಗೆ ಹೊಣೆಗಾರರೊಬ್ಬರಿರಲಿ. ಅಧಿಕಾರ ಹಸ್ತಾಂತರವಾಗುವಾಗ ಕಪಾಟಿನ ಕೀಲಿಕೈಗಳೊಡನೆ ಈ ಖಾತೆಯ ವಿವರವನ್ನೂ ಮುಚ್ಚಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುವ ಪದ್ಧತಿ ಬರಬೇಕು. ಗಣಕವಿದ್ಯೆಯಲ್ಲಿ ನುರಿತ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೆರಡು ದಿನ ಬಂದು ಇದನ್ನು ಪರೀಕ್ಷಿಸಿಕೊಟ್ಟರೆ, ಕೊಠಡಿಯೊಂದನ್ನು ಕಟ್ಟಿಸಿಕೊಟ್ಟುದಕ್ಕಿಂತ ಅದೇನೂ ಕಡಮೆಯ ಸೇವೆಯಲ್ಲ.